ಬೆನ್ನಿಗೆ ಬೊಟ್ಟಿಟ್ಟ ನಕ್ಷತ್ರ

ಬೆಟಗೇರಿಯಲ್ಲಿ ಹೂಗಾರ ಅನ್ನಪೂರ್ಣವ್ವನ ಮನೆಯನ್ನು ಕೇಳಿಕೊಂಡು ಬರುವವರಿಗೆ ಓಣಿಯ ಜನ ಒಂದೇ ಗುರುತು ಹೇಳುತ್ತಿದ್ದರು: ಯಾವ ಮನೆಯ ಕಟ್ಟೆಯ ಮೇಲೆ ಬಣ್ಣದ ಕಾಗದದ ಚೂರು ಬಿದ್ದಿರುತ್ತವೆಯೋ ಅದೇ ಮನೆ. ಆಕೆ ದಿನಕ್ಕೆ ಎರಡು ಸಲ ಕಸ ಗುಡಿಸುವಳು. ಆದರೂ ಚೂರು ಉಳಿಯುತ್ತಿದ್ದವು. ಮೊಮ್ಮಗಳ ಜಡೆಯಲ್ಲಿ, ರೊಟ್ಟಿಯ ಬುಟ್ಟಿಯಲ್ಲಿ, ಒಮ್ಮೊಮ್ಮೆ ಮಗನ ಊಟದ ತಾಟಿನಲ್ಲಿಯೂ ಒಂದು ಕೆಂಪೋ ಹಸಿರೋ ಚೂರು ಸಿಗುವುದು. "ನಮ್ಮ ಮನ್ಯಾಗ ಉಪ್ಪಿಲ್ಲದ ಊಟ ಆಗಬಹುದು, ಕಾಗದ ಇಲ್ಲದ ಊಟ ಆಗಂಗಿಲ್ಲ" ಎಂದು ಮಗ ಮುತ್ತಣ್ಣ ನಗುತ್ತಿದ್ದ.

ಆಕೆಯ ತವರು ಮುಳಗುಂದ. ಹದಿನೇಳನೆಯ ವಯಸ್ಸಿಗೆ ನಿಜಲಿಂಗಪ್ಪನನ್ನು ಮದುವೆಯಾಗಿ ಬೆಟಗೇರಿಗೆ ಬಂದಾಗ ಆಕೆಗೆ ಹೂವು ಕಟ್ಟುವುದನ್ನು ಬಿಟ್ಟರೆ ಮತ್ತೇನೂ ಬರುತ್ತಿರಲಿಲ್ಲ. ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗವನ್ನು ಮಾಡಲು ಕಲಿಸಿದವಳು ಅತ್ತೆ. ಬೆಂಡನ್ನು ಹಾಳೆಯಂತೆ ತೆಳ್ಳಗೆ ಸೀಳುವುದು, ಹುಣಸೆಬೀಜದ ಅಂಟು ಕುದಿಸುವುದು, ಬೇಗಡೆಯ ತೆಳು ತಗಡನ್ನು ಉಗುರಿನಿಂದ ತಿಕ್ಕಿ ಹೊಳಪು ಏರಿಸುವುದು, ಹದಿನಾರು ಪದರು ಮಡಿಸಿದ ಕಾಗದಕ್ಕೆ ಗೆರೆ ಎಳೆಯದೆ ಕತ್ತರಿ ಹಾಕುವುದು, ಎಲ್ಲವನ್ನೂ ಆ ಹಿರಿಯಳ ಮಗ್ಗುಲಲ್ಲಿ ಕುಳಿತು ಕಲಿತಳು. "ಕತ್ತರಿ ಒಳಗ ಹೋದ ಮ್ಯಾಲ ನಿಂದರಬಾರದು. ನಿಂತಲ್ಲಿ ಕಾಗದ ಹಲ್ಲು ಕಿರೀತೈತಿ" ಎನ್ನುವಳು ಅತ್ತೆ.

ಬಾಸಿಂಗ ಮುಗಿದ ಮೇಲೆ ಅತ್ತೆ ಅದನ್ನು ಬೋರಲು ಹಾಕಿ, ಉಂಗುರದ ಬೆರಳನ್ನು ಕಾಡಿಗೆಯಲ್ಲಿ ಅದ್ದಿ, ಹಿಂಬದಿಯ ನಟ್ಟನಡುವೆ ಸಾಸಿವೆಯಷ್ಟು ಕಪ್ಪು ಬೊಟ್ಟು ಇಡುತ್ತಿದ್ದಳು. ಅದು ದೃಷ್ಟಿಯ ಬೊಟ್ಟು. ಮದುವೆಯಲ್ಲಿ ನೂರು ಮಂದಿ ಕಣ್ಣು ಹಾಕುತ್ತಾರೆ, ಆ ಕಣ್ಣೆಲ್ಲ ಬೆನ್ನಿನ ಬೊಟ್ಟಿಗೆ ಹೋಗಿ ನಿಲ್ಲಲಿ ಎಂದು. ಅನ್ನಪೂರ್ಣವ್ವ ನಲವತ್ತು ವರ್ಷದಲ್ಲಿ ಒಂದು ಬಾಸಿಂಗಕ್ಕೂ ಆ ಬೊಟ್ಟನ್ನು ಮರೆತವಳಲ್ಲ.

ಅತ್ತೆಯಿಂದ ಬಂದ ಇನ್ನೊಂದು ಪಾಠ ಕೈಯದಲ್ಲ, ನಾಲಿಗೆಯದು. ಅದಕ್ಕೆ ಕಾರಣವಾದ ಸಂಗತಿ ನಡೆದದ್ದು ಅನ್ನಪೂರ್ಣವ್ವ ಬಂದ ಎರಡನೆಯ ವರ್ಷ. ಲಕ್ಷ್ಮೇಶ್ವರದ ಒಂದು ಮನೆಯವರು ಮಗಳ ಮದುವೆಗೆಂದು ಬಾಸಿಂಗ ಒಯ್ದಿದ್ದರು. ಏಕೋ ಆ ಮದುವೆ ಮುರಿಯಿತು. ಮರುವರ್ಷ ಅದೇ ಹುಡುಗಿಗೆ ಮುಂಡರಗಿಯ ಕಡೆ ಸಂಬಂಧ ಕೂಡಿತು. ವರನ ಸೋದರತ್ತೆ ಬಾಸಿಂಗ ಹೇಳಲು ಬಂದವಳು ಹೆಣ್ಣಿನ ಮನೆತನದ ಹೆಸರು ಎತ್ತಿದಾಗ, ಅತ್ತೆ ಏನೂ ಯೋಚಿಸದೆ, "ಅವರು ಹ್ವಾದ ವರ್ಷನ ಒಯ್ದಿದ್ರಲ್ಲವಾ, ಅಕೀ ಲಗ್ನ ಇನ್ನೂ ಆಗಿಲ್ಲೇನು?" ಎಂದುಬಿಟ್ಟಳು. ಅಷ್ಟೇ ಮಾತು. ಎಂಟು ದಿನದಲ್ಲಿ ಆ ಸಂಬಂಧವೂ ಹೋಯಿತು. ಹುಡುಗಿಯ ತಂದೆ ಲಕ್ಷ್ಮೇಶ್ವರದಿಂದ ಬಸ್ಸು ಹತ್ತಿ ಬಂದು, ಹಿಂದಿನ ವರ್ಷದ ಆ ಬಾಸಿಂಗವನ್ನು ಹೊಸ್ತಿಲ ಮೇಲಿಟ್ಟು, ನೀರು ಸಹ ಕೇಳದೆ ತಿರುಗಿ ಹೋದನು. ಅಂದು ಅತ್ತೆ ಸೊಸೆಯ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದಳು: ಯಾರ ಮನೆಗೆ ಏನು ಹೋಯಿತೆಂಬುದು ಇನ್ನು ಮೇಲೆ ಈ ಮನೆಯ ಬಾಯಿಂದ ಹೊರಬೀಳಬಾರದು.

ಕಾಲ ಕಳೆಯಿತು. ಅತ್ತೆ ಹೋದಳು, ನಿಜಲಿಂಗಪ್ಪನೂ ಹೋದನು. ಅಂಗಡಿಗಳಿಗೆ ಹುಬ್ಬಳ್ಳಿಯಿಂದ ಥರ್ಮಾಕೋಲಿನ ಬಾಸಿಂಗಗಳು ಪ್ಲಾಸ್ಟಿಕ್ ಚೀಲದಲ್ಲಿ ಬರತೊಡಗಿದವು. ಅನ್ನಪೂರ್ಣವ್ವನ ಹತ್ತಿರ ಹಳೆಯ ಮನೆತನದವರು ಮಾತ್ರ ಬರುತ್ತಿದ್ದರು, ಅವರೂ ಕಡಿಮೆಯಾಗುತ್ತ ಹೋದರು. ಆಗ ದಾರಿ ತೋರಿಸಿದವನು ಗದಗಿನ ಬಣ್ಣದ ಕಾಗದದ ವ್ಯಾಪಾರಿ ಫಕ್ರುಸಾಬ. ಒಂದು ದಿನ ಆತನೇ ಕಾಗದದ ಸುರುಳಿ ಹಿಡಿದು ಮನೆಗೆ ಬಂದನು.

"ಅಕ್ಕಾ, ಚರ್ಚಿನವ್ರು ಗಿಡಕ್ಕ ಕಟ್ಟೂ ಸಾಮಾನು ಕೇಳಾಕತ್ತಾರ. ಆಕಾಶದಾಗಿನ ಚಿಕ್ಕಿ, ಗಂಟಿ, ರೆಕ್ಕಿ ಇದ್ದ ದೇವದೂತ. ಪ್ಲಾಸ್ಟಿಕ್ ಬ್ಯಾಡಂತ, ಕೈಲೇ ಮಾಡಿದ್ದ ಬೇಕಂತ."

"ಯಾರ ಲಗ್ನ ಐತಿ?"

"ಲಗ್ನ ಅಲ್ಲಕ್ಕಾ. ಕ್ರಿಸ್‌ಮಸ್. ಯೇಸುಸ್ವಾಮಿ ಹುಟ್ಟಿದ ಹಬ್ಬ."

ಅನ್ನಪೂರ್ಣವ್ವ ಸುರುಳಿಯ ಅಂಚನ್ನು ಬೆರಳಿನಿಂದ ತಿಕ್ಕಿ ನೋಡಿದಳು. "ಹಂಗಾರ ತೊಟ್ಟಲಕ್ಕ ಕಟ್ಟೂ ಗಿಣಿ ಇರ್ತಾವಲ್ಲ, ಹಂಗ ಹಗೂರ ಇರಬೇಕು ಅನ್ರಿ. ಗಾಳಿಗೆ ತಿರುಗಬೇಕು."

"ಅದ ನೋಡು! ನಾ ಮೂರು ಮಂದಿಗೆ ಕೇಳಿದೆ, ಒಬ್ಬರಿಗೂ ಇದು ತಿಳೀಲಿಲ್ಲ" ಎಂದು ಫಕ್ರುಸಾಬ ತೊಡೆ ತಟ್ಟಿಕೊಂಡನು.

ಹೀಗೆ ಆಕೆಗೆ ಹೊಸ ಕೆಲಸ ಸಿಕ್ಕಿತು. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದ, ಬೇಗಡೆ, ಜರಿಯ ಗೋಟು, ಚೂರು ಬೆಂಡು, ಮಣಿ, ಕಾಗದದ ಕುಚ್ಚು. ಬಾಸಿಂಗದ ನಡುವಿನ ತಾವರೆಯೇ ನಕ್ಷತ್ರವಾಯಿತು. ಬಾಸಿಂಗದ ಎರಡೂ ಬದಿಯ ಗಿಳಿಗಳಿಗೆ ಬಿಳಿಯ ಅಂಗಿ ತೊಡಿಸಿದಾಗ ದೇವದೂತರಾದವು. ಹಬ್ಬದ ದಿನ ಚರ್ಚಿನ ಹಿರಿಯಳೊಬ್ಬಳು ಬಂದು ಕೇಕು ಕೊಟ್ಟು ಕರೆದಾಗ ಆಕೆ ಹೋಗಿ ನೋಡಿದಳು. ಸರ್ವೆ ಮರದ ದೊಡ್ಡ ಟೊಂಗೆಯೊಂದನ್ನು ಉಸುಕಿನ ಡಬ್ಬಿಯಲ್ಲಿ ನಿಲ್ಲಿಸಿದ್ದರು. ಆಕೆಯ ನಕ್ಷತ್ರಗಳು ಅದರ ತುಂಬ ಮೆಲ್ಲಗೆ ತಿರುಗುತ್ತಿದ್ದವು. ಪ್ರತಿಯೊಂದು ತಿರುಗಿದಾಗಲೂ ಬೆನ್ನಿನ ಕರಿ ಬೊಟ್ಟು ಒಂದು ಕ್ಷಣ ಕಂಡು ಮರೆಯಾಗುತ್ತಿತ್ತು. "ಇದೇನ್ರಿ ಇದು?" ಎಂದು ಆ ಹಿರಿಯಳು ಕೇಳಿದ್ದಳು. "ಕೂಸಿಗೆ ದೃಷ್ಟಿ ಆಗಬಾರದಲ್ರೀ" ಎಂದಳು ಅನ್ನಪೂರ್ಣವ್ವ. ಆ ಹಿರಿಯಳು ಅನ್ನಪೂರ್ಣವ್ವನ ಕೈ ಹಿಡಿದುಕೊಂಡಳು.

ಮನೆಯಲ್ಲಿ ಈ ವಿದ್ಯೆಯನ್ನು ಮುಂದುವರಿಸುವವರು ಯಾರು ಎಂಬ ಚಿಂತೆ ಅನ್ನಪೂರ್ಣವ್ವನಿಗೆ ಬಹಳ ದಿನ ಇತ್ತು. ಮುತ್ತಣ್ಣನಿಗೆ ಬಾಡಿಗೆಯ ಟಂಟಂ ಆಟೊ ಓಡಿಸುವುದೇ ಸಾಕಾಗುತ್ತಿತ್ತು. ಸೊಸೆ ಹೊಲಿಗೆಯ ಕೆಲಸಕ್ಕೆ ಹೋಗುವಳು, ಕಾಗದದ ಕೆಲಸ ಆಕೆಗೆ ಸೇರದು. ಆದರೆ ಮೊಮ್ಮಗಳು ಶಾಂಭವಿ ನಡೆಯಲು ಕಲಿಯುವ ಮೊದಲೇ ಕತ್ತರಿಗೆ ಕೈ ಚಾಚಿದವಳು. ಏಳು ವರ್ಷಕ್ಕೆ ಎಂಟು ಪದರಿನ ಕಾಗದ ಕತ್ತರಿಸಿದಳು, ಒಂಬತ್ತಕ್ಕೆ ಹದಿನಾರು. ಹುಡುಗಿಯ ಕತ್ತರಿ ಒಳಗೆ ಹೋದರೆ ನಿಲ್ಲುತ್ತಿರಲಿಲ್ಲ. ಆ ಕಿರ್ ಎನ್ನುವ ಒಂದೇ ಉಸಿರಿನ ಸಪ್ಪಳ ಕೇಳಿದಾಗ ಅನ್ನಪೂರ್ಣವ್ವನಿಗೆ ಅತ್ತೆಯೇ ಮತ್ತೆ ಬಂದು ಮಗ್ಗುಲಿಗೆ ಕುಳಿತಂತೆ ಆಗುವುದು. ಯಾರಿಗೂ ಹೇಳದಿದ್ದರೂ ಮನಸ್ಸಿನಲ್ಲಿ ಆಕೆ ಒಂದನ್ನು ಗಟ್ಟಿ ಮಾಡಿಕೊಂಡಿದ್ದಳು: ಇದು ನನ್ನ ಹಿಂದೆ ಸಾಯುವುದಿಲ್ಲ.

ಶಾಂಭವಿಯನ್ನು ಮುತ್ತಣ್ಣ ಹಟ ಹಿಡಿದು ಗದಗಿನ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದ್ದ. ಆಕೆ ಐದನೆಯ ಇಯತ್ತೆಯಲ್ಲಿದ್ದ ವರ್ಷ ಡಿಸೆಂಬರಿನಲ್ಲಿ ಆ ಶಾಲೆಯವರು ಒಂದು ಸ್ಪರ್ಧೆ ಇಟ್ಟರು. ಪ್ರತಿಯೊಂದು ಮಗುವೂ ಮನೆಯಲ್ಲಿ ಸಿಗುವ ಕಾಗದದಿಂದ ತನ್ನ ಕೈಯಿಂದಲೇ ಕ್ರಿಸ್‌ಮಸ್ ಗಿಡಕ್ಕೆ ಒಂದು ಅಲಂಕಾರ ಮಾಡಿ ತರಬೇಕು. ಗೆದ್ದವರ ಕೆಲಸವನ್ನು ಶಾಲೆಯ ಗಿಡದ ತುದಿಗೆ ಕಟ್ಟುತ್ತಾರೆ.

ಆ ಸಂದೇಶ ತಾಯಂದಿರ ಮೊಬೈಲಿಗೆ ಬಂದ ಮರುದಿನವೇ ಅನ್ನಪೂರ್ಣವ್ವನ ಕಟ್ಟೆಯ ಮುಂದೆ ಸ್ಕೂಟಿ ಬಂದು ನಿಂತಿತು. ಬಂದವಳು ಸುಶ್ಮಿತಾ, ಗದಗಿನ ದೊಡ್ಡ ಕಿರಾಣಿ ವ್ಯಾಪಾರಿಯ ಸೊಸೆ. ಆಕೆಯ ಮಗಳು ಜಾಹ್ನವಿ ಶಾಂಭವಿಯ ವರ್ಗದವಳೇ.

"ಆಯಿ, ನಮ್ಮ ಹುಡುಗಿಗೆ ಒಂದು ಚಿಕ್ಕಿ ಮಾಡಿ ಕೊಡ್ರಿ. ಆದ್ರ ಒಂದು ಮಾತು..." ಸುಶ್ಮಿತಾ ಸ್ವಲ್ಪ ತಡೆದು, "ಭಾಳ ಚಲೋ ಮಾಡಬ್ಯಾಡ್ರಿ" ಎಂದಳು.

ಅನ್ನಪೂರ್ಣವ್ವನಿಗೆ ತಿಳಿಯಲಿಲ್ಲ. "ಅಂದ್ರ?"

"ಹುಡುಗಿ ಮಾಡಿದಂಗ ಕಾಣಬೇಕು ನೋಡ್ರಿ. ಸ್ವಲ್ಪ ಅಡ್ಡಡ್ಡ ಇರ್ಲಿ. ಅಂಟೂ ಅಲ್ಲಲ್ಲೆ ಹೊರಗ ಬಂದಿರ್ಲಿ."

"ಇಷ್ಟು ವಯಸ್ಸಿನಾಗ ಯಾರೂ ನನಗ ಕೆಟ್ಟದು ಮಾಡು ಅಂತ ಹೇಳಿರಲಿಲ್ಲ ತಂಗೀ" ಎಂದು ಅನ್ನಪೂರ್ಣವ್ವ ನಕ್ಕಳು. ನಗುತ್ತಲೇ ಒಪ್ಪಿಕೊಂಡಳು. ಎರಡು ದಿನದಲ್ಲಿ ಹೀಗೆ ಹೇಳಿ ಹೋದವರು ಹನ್ನೊಂದು ತಾಯಂದಿರು. ಒಬ್ಬಳಿಗೂ ಇನ್ನೊಬ್ಬಳು ಬಂದದ್ದು ಗೊತ್ತಿಲ್ಲ, ಎಲ್ಲರಿಗೂ ಬೇಕಾದದ್ದು ಮಾತ್ರ ಒಂದೇ, ಸ್ವಲ್ಪ ಕೆಟ್ಟದ್ದು.

ಕೆಡಿಸುವುದು ಆಕೆಗೆ ಬಲು ಕಷ್ಟವಾಯಿತು. ಬೆರಳುಗಳು ತಾವಾಗಿಯೇ ನೆಟ್ಟಗೆ ಮಡಿಸುತ್ತಿದ್ದವು. ಕೊನೆಗೆ ಕತ್ತರಿಯನ್ನು ಎಡಗೈಯಲ್ಲಿ ಹಿಡಿದಳು. ಆಗ ನಕ್ಷತ್ರದ ಒಂದು ಮೂಲೆ ಮೊಂಡಾಯಿತು, ಇನ್ನೊಂದು ಉದ್ದವಾಯಿತು.

ಶಾಂಭವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಆಯಿ, ಇದು ಚಿಕ್ಕಿ ಏನು, ಏಡಿ ಏನು?"

"ಸುಮ್ಮಕುಂಡ್ರ ಲೇ. ಇದಕ್ಕೂ ಬುದ್ಧಿ ಬೇಕಾಗತೈತಿ."

ಆ ಹನ್ನೊಂದಕ್ಕೂ ಅನ್ನಪೂರ್ಣವ್ವ ಬೊಟ್ಟು ಇಡಲಿಲ್ಲ. ಮರೆತದ್ದಲ್ಲ. ಇಂಥ ಅಡ್ಡಾದಿಡ್ಡಿ ವಸ್ತುವಿನ ಮೇಲೆ ಯಾರ ಕಣ್ಣು ಬಿದ್ದೀತು ಎಂದುಕೊಂಡಳು. ಅವುಗಳನ್ನು ತನ್ನ ಕೆಲಸವೆಂದು ಒಪ್ಪಿಕೊಳ್ಳಲು ಮನಸ್ಸೂ ಇರಲಿಲ್ಲ. ಕೊಡುವ ಮೊದಲು ಮೊಮ್ಮಗಳನ್ನು ಹತ್ತಿರ ಕರೆದು, "ಯಾರ್ಯಾರು ಬಂದಿದ್ರು ಅನ್ನೂದನ್ನ ಸಾಲ್ಯಾಗ ಹೇಳಬಾರದು. ನನ್ನ ತೆಲಿ ಮುಟ್ಟಿ ಆಣಿ ಮಾಡು" ಎಂದಳು. ಶಾಂಭವಿ ಅಜ್ಜಿಯ ನರೆಗೂದಲಿನ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಅತ್ತೆಯ ಮಾತು ನಾಲ್ಕನೆಯ ತಲೆಮಾರಿಗೆ ಮುಟ್ಟಿತೆಂದು ಅನ್ನಪೂರ್ಣವ್ವನಿಗೆ ಸಮಾಧಾನವೆನಿಸಿತು.

ತನ್ನ ನಕ್ಷತ್ರಕ್ಕೆ ಮಾತ್ರ ಶಾಂಭವಿ ಅಜ್ಜಿಯನ್ನು ಹತ್ತಿರಕ್ಕೆ ಬಿಡಲಿಲ್ಲ. "ನಂದಕ್ಕ ನೀ ಕೈ ಹಚ್ಚಬ್ಯಾಡ. ನೋಡಬಹುದು ಅಷ್ಟ" ಎಂದು ಹೇಳಿ ನಾಲ್ಕು ದಿನ ಸಂಜೆ ಶಾಲೆಯಿಂದ ಬಂದ ಕೂಡಲೇ ಕಟ್ಟೆಯ ಮೇಲೆ ಕುಳಿತು ಮಾಡಿದಳು. ಎಂಟು ದಳ, ದಳದೊಳಗೆ ದಳ, ನಡುವೆ ಬೆಂಡಿನ ಒಂದು ಪುಟ್ಟ ಮಲ್ಲಿಗೆ, ಕೆಳಗೆ ಬಿಳಿ ಕಾಗದವನ್ನು ಕೂದಲಿನಷ್ಟು ಸಣ್ಣಗೆ ಸೀಳಿದ ಕುಚ್ಚು. ಅನ್ನಪೂರ್ಣವ್ವ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದಳು. ಒಂದೆರಡು ಸಲ ಬೆರಳು ತುಡಿದವು, ತಡೆದುಕೊಂಡಳು. ಕೊನೆಯ ದಿನ ಹುಡುಗಿ ಅದನ್ನು ದಾರಕ್ಕೆ ಕಟ್ಟಿ ಎತ್ತಿ ಹಿಡಿದಾಗ ಅದು ಒಂದು ಸುತ್ತು ತಿರುಗಿ, ನಿಂತು, ಮತ್ತೆ ಹಿಂದಕ್ಕೆ ತಿರುಗಿತು. ಅನ್ನಪೂರ್ಣವ್ವನಿಗೆ ತಾನು ಮೂವತ್ತರಲ್ಲಿಯೂ ಇಷ್ಟು ಚೆಂದ ಮಾಡಿರಲಿಲ್ಲವೆನಿಸಿತು. ಹುಡುಗಿಯೇ ಒಳಗೆ ಹೋಗಿ ಕಾಡಿಗೆಯ ಡಬ್ಬಿ ತಂದು, ನಕ್ಷತ್ರವನ್ನು ಬೋರಲು ಹಾಕಿ, ಉಂಗುರದ ಬೆರಳಿನಿಂದ ಬೆನ್ನಿಗೆ ಬೊಟ್ಟು ಇಟ್ಟಳು.

"ಇದಕ್ಕ ದೃಷ್ಟಿ ಆಗತೈತಿ ಆಯಿ, ಖರೇನ" ಎಂದಳು.

ಮರುದಿನ ಸಂಜೆ ಶಾಂಭವಿ ಬರಿಗೈಯಲ್ಲಿ ಮನೆಗೆ ಬಂದಳು. ಪಾಟಿಚೀಲವನ್ನು ಬಾಗಿಲಲ್ಲಿಯೇ ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಅನ್ನಪೂರ್ಣವ್ವ ಬೆನ್ನು ಸವರುತ್ತ ಕೇಳಿದಾಗ ಒಂದೊಂದೇ ಮಾತು ಹೊರಬಂದಿತು.

ವರ್ಗದ ಟೀಚರ್ ವಾಣಿಶ್ರೀ ಎಲ್ಲ ನಕ್ಷತ್ರಗಳನ್ನೂ ಮೇಜಿನ ಮೇಲೆ ಸಾಲಾಗಿ ಇಡಿಸಿದ್ದಳಂತೆ. ಶಾಂಭವಿಯದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದಳಂತೆ. ತಿರುಗಿಸಿ ಬೊಟ್ಟು ನೋಡಿದೊಡನೆ ಮುಖ ಬದಲಾಯಿತಂತೆ. "ಇದನ್ನ ನೀ ಮಾಡಿಲ್ಲ. ಇದು ನಿಮ್ಮ ಅಜ್ಜೀ ಕೈ" ಎಂದಳಂತೆ. ನಾನೇ ಮಾಡಿದ್ದೇನೆ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಸುಳ್ಳು ಬೇರೆ ಹೇಳುತ್ತೀ ಎಂದು ಇಡೀ ವರ್ಗದ ಮುಂದೆ ನಿಲ್ಲಿಸಿದಳು.

"ಮೊದಲನೇ ಬಹುಮಾನ ಯಾರಿಗೆ ಬಂತು ಗೊತ್ತೇನು ಆಯಿ?" ಶಾಂಭವಿ ಈಗ ತಿರುಗಿ ಕುಳಿತಳು. "ಜಾಹ್ನವಿಗೆ. ಏಡಿಗೆ."

ಅನ್ನಪೂರ್ಣವ್ವನ ಕೈ ಹುಡುಗಿಯ ಬೆನ್ನ ಮೇಲೆಯೇ ನಿಂತಿತು.

ಡೈರಿಯಲ್ಲಿ ಮನೆಯ ಹಿರಿಯರು ನಾಳೆ ಬಂದು ಕಾಣಬೇಕೆಂದು ಬರೆದಿತ್ತು. ಮುತ್ತಣ್ಣನಿಗೆ ಮುಂಡರಗಿಗೆ ಬಾಡಿಗೆ ಹೋಗುವುದಿತ್ತು. ಮರುದಿನ ಮುಂಜಾನೆ ಆತ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೇಳಿದ: "ಯವ್ವಾ, ನೀನ ಹೋಗು. ಹೋಗಿ ಹನ್ನೊಂದೂ ಹೆಸರು ಹೇಳಿ ಬಾ. ಒಂದ ನಿಮಿಷದ ಕೆಲಸ."

"ಅದು ಹೆಂಗಾಕ್ಕೈತಿ ಮುತ್ತಣ್ಣಾ?"

"ಹೆಂಗಂದ್ರ? ಇಲ್ಲೆ ಲಗ್ನ ಮುರಿಯೂದು ಏನೈತಿ? ನಿಮ್ಮ ಅತ್ತೀ ಕಾಲದ್ದು ಇನ್ನೂ ಕಟಗೊಂಡು ಕುಂತೀದಿ."

ಅನ್ನಪೂರ್ಣವ್ವ ಮೊಮ್ಮಗಳ ಜಡೆ ಹೆಣೆಯತೊಡಗಿದಳು. ಹುಡುಗಿಗೆ ಕತ್ತರಿ ಕೊಟ್ಟರೆ ಎಲ್ಲರ ಕಣ್ಣೆದುರು ಮಾಡಿ ತೋರಿಸುತ್ತಾಳೆ, ಯಾರ ಹೆಸರೂ ಬೇಕಾಗುವುದಿಲ್ಲ ಎಂದು ಲೆಕ್ಕ ಹಾಕಿಕೊಂಡಿದ್ದಳು.

ಶಾಲೆಯಲ್ಲಿ ಹೆಡ್ ಮಿಸ್ಸಿನ ಕೋಣೆ ತಂಪಾಗಿತ್ತು. ಮೇಜಿನ ಮೇಲೆ ಎರಡು ನಕ್ಷತ್ರಗಳಿದ್ದವು, ಒಂದು ಶಾಂಭವಿಯದು, ಇನ್ನೊಂದು ಬಹುಮಾನ ಬಂದದ್ದು. ವಾಣಿಶ್ರೀ ಟೀಚರ್ ನಿಂತಿದ್ದಳು, ಆಕೆಯ ಮಗ್ಗುಲಿಗೆ ಶಾಂಭವಿ ತಲೆ ತಗ್ಗಿಸಿ ನಿಂತಿದ್ದಳು. ಪಕ್ಕದ ಕುರ್ಚಿಯಲ್ಲಿ ಸುಶ್ಮಿತಾ ಕುಳಿತಿದ್ದಳು. ಆಕೆ ಪಾಲಕರ ಸಮಿತಿಯವಳು, ಹಬ್ಬದ ಏರ್ಪಾಟಿಗೆಂದು ಬಂದಿದ್ದಳು. ಅನ್ನಪೂರ್ಣವ್ವನನ್ನು ಕಂಡೊಡನೆ ಆಕೆಯ ಕಣ್ಣು ಒಂದು ಸಲ ಹಾರಿತು. ಆಮೇಲೆ ಹೆಡ್ ಮಿಸ್ಸಿನ ಕಡೆ ತಿರುಗಿ, "ಇವರು ಯಾರ ಅಜ್ಜಿ, ಮಿಸ್?" ಎಂದು ಕೇಳಿದಳು.

ವಾಣಿಶ್ರೀ ಅನ್ನಪೂರ್ಣವ್ವನಿಗೆ ನಮಸ್ಕಾರ ಮಾಡಿ ಕುರ್ಚಿ ಸರಿಸಿದಳು. "ಕುಂಡ್ರಿ ಅಜ್ಜೀ. ನನ್ನ ಲಗ್ನದ ಬಾಸಿಂಗ ನೀವ ಮಾಡಿಕೊಟ್ಟಿದ್ರಿ. ಇನ್ನೂ ಟ್ರಂಕಿನಾಗ ಕಾದಿಟ್ಟೀನಿ. ಅದರ ಬೆನ್ನಿಗೂ ಹಿಂಗ ಬೊಟ್ಟೈತಿ. ನಿಮ್ಮ ಕೈ ಗುರುತು ನನಗ ತಪ್ಪಂಗಿಲ್ಲ."

"ಬೊಟ್ಟು ನಮ್ಮ ಮನೀ ಪದ್ಧತೀರಿ ಟೀಚರ್. ಆದ್ರ ಇದಕ್ಕ ಇಟ್ಟಾಕಿ ನಾ ಅಲ್ಲ, ಅಕಿ. ನಾ ಒಂದು ಬೆರಳ ಸೈತ ಹಚ್ಚಿಲ್ಲ."

ಹೆಡ್ ಮಿಸ್ ಎರಡೂ ನಕ್ಷತ್ರಗಳನ್ನು ಮುಂದಕ್ಕೆ ಸರಿಸಿದಳು. ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ, ಸಮಾಧಾನವಿತ್ತು. "ನೀವೇ ನೋಡಿ ಅಜ್ಜಿ. ಇದು ಬಹುಮಾನ ಬಂದದ್ದು. ಓರೆಯಾಗಿದೆ, ಅಂಟು ಹೊರಗೆ ಬಂದಿದೆ. ಆದರೆ ಇದರಲ್ಲಿ ಮಗುವಿನ ಕೈ ಕಾಣುತ್ತೆ. ಇನ್ನೊಂದು ನೋಡಿ. ಹತ್ತು ವರ್ಷದ ಹುಡುಗಿ ಹೀಗೆ ಮಾಡೋದು ಸಾಧ್ಯವಾ?"

ಅನ್ನಪೂರ್ಣವ್ವ ತನ್ನ ಎಡಗೈ ಮಾಡಿದ ಆ ನಕ್ಷತ್ರವನ್ನು ನೋಡಿದಳು. ಅದರ ಮೊಂಡು ಮೂಲೆಯನ್ನು ಆಕೆ ಎರಡು ಸಲ ಕತ್ತರಿಸಿ ಮೊಂಡು ಮಾಡಿದ್ದಳು.

"ಇನ್ನೊಂದು ಮಾತು" ಎಂದಳು ಹೆಡ್ ಮಿಸ್. "ನೀವು ಬೇರೆ ಮಕ್ಕಳಿಗೂ ಮಾಡಿಕೊಟ್ಟಿದ್ದೀರಿ ಅಂತ ಯಾರೋ ಅಂದರು. ನಿಜವಾ?"

ಸುಶ್ಮಿತಾ ಮೊಬೈಲಿನಲ್ಲಿ ಏನನ್ನೋ ಹುಡುಕತೊಡಗಿದಳು. ಶಾಂಭವಿ ತಲೆಯೆತ್ತಿ ಅಜ್ಜಿಯ ಬಾಯನ್ನೇ ನೋಡಿದಳು. ಅನ್ನಪೂರ್ಣವ್ವನಿಗೆ ಹೊಸ್ತಿಲ ಮೇಲೆ ಬಾಸಿಂಗವಿಟ್ಟು ಹೋದ ಆ ತಂದೆಯ ಬೆನ್ನು ಕಂಡಿತು. ತಾನು ಒಂದು ಹೆಸರು ಹೇಳಿದರೆ ಹನ್ನೊಂದೂ ಬರುತ್ತವೆ. ನಾಳೆ ಹನ್ನೊಂದು ಮಕ್ಕಳನ್ನು ಶಾಂಭವಿಯಂತೆಯೇ ವರ್ಗದ ಮುಂದೆ ನಿಲ್ಲಿಸುತ್ತಾರೆ. ಕೇಳಿ ಮಾಡಿಸಿಕೊಂಡವರು ತಾಯಂದಿರು, ನಿಲ್ಲುವವರು ಮಕ್ಕಳು.

"ಯಾರ ಮನಿಗೆ ಏನು ಕೊಟ್ಟೆ ಅನ್ನೂದು ನಮ್ಮ ಬಾಯಾಗ ಬರೂದಿಲ್ರಿ" ಎಂದಳು. "ಅದೊಂದು ಕೇಳಬ್ಯಾಡ್ರಿ. ಈಗಿಂದೀಗ ಒಂದು ಕಾಗದ, ಒಂದು ಕತ್ತರಿ ತರಸ್ರಿ. ನಿಮ್ಮ ಕಣ್ಣ ಮುಂದ ಅಕಿ ಮಾಡಿ ತೋರಸ್ತಾಳ."

ಹೆಡ್ ಮಿಸ್ ಒಂದು ಸಲ ಸುಶ್ಮಿತಾಳ ಕಡೆ ನೋಡಿ, ಮೊದಲಿನ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟಳು. ಕಾಗದ ಕತ್ತರಿ ಬಂದವು. ಶಾಂಭವಿ ಕಾಗದವನ್ನು ಎರಡು ಮಡಿಸಿದಳು, ನಾಲ್ಕು ಮಡಿಸಿದಳು, ಎಂಟು ಮಡಿಸಿದಳು. ಅಂಚನ್ನು ಉಗುರಿನಿಂದ ತೀಡಿದಳು. ಕತ್ತರಿ ಎತ್ತಿಕೊಂಡಳು. ವಾಣಿಶ್ರೀ ಮುಂದಕ್ಕೆ ಬಾಗಿದಳು. ಆಗ ಹುಡುಗಿ ಕೈ ನಿಲ್ಲಿಸಿ ಅಜ್ಜಿಯ ಕಡೆ ತಿರುಗಿದಳು.

"ಆಯಿ, ನೀ ಖರೇ ಹೇಳಂಗಿಲ್ಲೇನು?"

ಅನ್ನಪೂರ್ಣವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಮೊದಲ ನೀ ಮಾಡಿ ತೋರ್ಸು ನನ್ನವ್ವಾ."

ಹುಡುಗಿ ಅಜ್ಜಿಯ ಕೈಯ ಸೆರಗನ್ನು ನೋಡಿದಳು. ಆಮೇಲೆ ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಮಡಿಸಿದ ಕಾಗದವನ್ನು ಬಿಡಿಸಿ, ಅಂಗೈಯಿಂದ ಸಾಪು ಮಾಡಿ, ಕತ್ತರಿಯ ಪಕ್ಕಕ್ಕೆ ಇಟ್ಟಳು.

"ಇದನ್ನ ನಮ್ಮ ಆಯಿ ಮಾಡ್ಯಾಳ್ರಿ ಮಿಸ್. ನಾ ಸುಳ್ಳು ಹೇಳಿದ್ನಿ."

"ಇಲ್ರಿ! ಇಲ್ಲ... ಅಕಿ ಸಿಟ್ಟಿಗೆದ್ದು ಅನ್ನಾಕತ್ತಾಳ" ಎಂದು ಅನ್ನಪೂರ್ಣವ್ವ ಎದ್ದು ನಿಂತಳು. ನಲವತ್ತು ವರ್ಷದಲ್ಲಿ ಮೊದಲ ಸಲ ಹೆಸರುಗಳು ನಾಲಿಗೆಯ ತುದಿಗೆ ಬಂದವು. ಆದರೆ ಆಗಲೇ ಎಲ್ಲರ ಮುಖದಲ್ಲಿ ನಿರಾಳ ಕಂಡಿತ್ತು. ಹೆಡ್ ಮಿಸ್ ಶಾಂಭವಿಯ ಭುಜ ತಟ್ಟಿ, ತಪ್ಪನ್ನು ಒಪ್ಪಿಕೊಳ್ಳುವುದು ದೊಡ್ಡ ಗುಣವೆಂದು ಹೊಗಳುತ್ತಿದ್ದಳು. ಸುಶ್ಮಿತಾ ಮೊಬೈಲನ್ನು ಚೀಲದಲ್ಲಿಟ್ಟು, "ಪಾಪ, ಸಣ್ಣ ಹುಡುಗಿ. ಬಿಟ್ಟುಬಿಡ್ರಿ ಮಿಸ್" ಎಂದಳು. ಕ್ಷಮಿಸುವವರ ಆ ಮೆದು ದನಿಯ ಎದುರಿಗೆ ಅನ್ನಪೂರ್ಣವ್ವ ಮತ್ತೆ ಕುರ್ಚಿಯಲ್ಲಿ ಕುಳಿತಳು. ಈಗ ಹೇಳಿದರೂ ಮೊಮ್ಮಗಳೇ ಅದನ್ನು ಸುಳ್ಳೆನ್ನುವಳು.

ಹುಡುಗಿಯಿಂದ ಒಂದು ತಪ್ಪೊಪ್ಪಿಗೆಯ ಪತ್ರ ಬರೆಯಿಸಿದರು. ವಾಣಿಶ್ರೀ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು, ಶಾಂಭವಿ ದುಂಡಗೆ ಬರೆಯುತ್ತ ಹೋದಳು. ಅನ್ನಪೂರ್ಣವ್ವನಿಗೆ ಆ ಅಕ್ಷರ ಓದಲು ಬರುತ್ತಿರಲಿಲ್ಲ. ಹೊರಡುವಾಗ ಹೆಡ್ ಮಿಸ್ ನಕ್ಷತ್ರವನ್ನು ಬೆಳಕಿಗೆ ಹಿಡಿದು, "ನಿಮ್ಮ ಕೈಯಲ್ಲಿ ಕಲೆ ಇದೆ ಅಜ್ಜಿ. ಇದನ್ನೂ ನಮ್ಮ ಗಿಡಕ್ಕೆ ಕಟ್ಟುತ್ತೇವೆ, ನಿಮ್ಮ ಹೆಸರು ಬರೆದು" ಎಂದಳು. ಕಟ್ಟಿಯೂ ಕಟ್ಟಿದರು.

ಇಬ್ಬರೂ ಬೇರೆಯವರ ಟಂಟಂ ಹತ್ತಿ ಬೆಟಗೇರಿಗೆ ಬಂದರು. ಮನೆಯ ಮುಂದೆ ಇಳಿದ ಮೇಲೆ ಅನ್ನಪೂರ್ಣವ್ವ ಕೇಳಿದಳು: "ಯಾಕ ಹಂಗಂದಿ? ಒಂದ ಸಲ ಕತ್ತರಿ ಆಡ್ಸಿದ್ರ ಮುಗೀತಿತ್ತಲ್ಲ."

"ಖರೇ ಹೇಳಬ್ಯಾಡ ಅಂತ ನೀ ಆಣಿ ಹಾಕ್ಸಿದ್ದಿ" ಎಂದಳು ಶಾಂಭವಿ. "ಸುಳ್ಳು ಹೇಳಾಕ ಆಣಿ ಇದ್ದಿಲ್ಲ."

ಮುತ್ತಣ್ಣ ಮುಂಡರಗಿಯಿಂದ ಬಂದವನು ಎಲ್ಲವನ್ನೂ ಕೇಳಿ, ತಾಯಿಯ ಮುಖ ನೋಡದೆ ಕೈ ತೊಳೆದುಕೊಂಡ. "ಮಂದಿ ಮಕ್ಕಳ ಮಾನ ಕಾಯ್ದಿ. ಚಲೋ ಆತು" ಎಂದಷ್ಟೇ ಹೇಳಿ ಊಟಕ್ಕೆ ಕುಳಿತ.

ಅಂದಿನಿಂದ ಶಾಂಭವಿ ಕಾಗದ ಮುಟ್ಟಲಿಲ್ಲ. ಸಿಟ್ಟು ಮಾಡಲಿಲ್ಲ, ಅಳಲಿಲ್ಲ, ಅಜ್ಜಿಗೆ ಎದುರು ಮಾತಾಡಲಿಲ್ಲ. ನೀರು ತುಂಬುವಳು, ಕಸ ಗುಡಿಸುವಳು, ಅಜ್ಜಿಯ ಕಾಲು ಒತ್ತುವಳು. ಕಟ್ಟೆಯ ಮೇಲಿನ ಬಣ್ಣದ ಚೂರುಗಳನ್ನು ಒಂದೂ ಬಿಡದೆ ಬಳಿದು ಹೊರಗೆ ಹಾಕುವಳು. ಅನ್ನಪೂರ್ಣವ್ವ ಒಂದೆರಡು ಸಲ ಕತ್ತರಿಯನ್ನು ಮರೆತಂತೆ ಹುಡುಗಿಯ ಪುಸ್ತಕದ ಹತ್ತಿರ ಇಟ್ಟು ನೋಡಿದಳು. ಸ್ವಲ್ಪ ಹೊತ್ತಿಗೆ ಅದು ಗೋಡೆಯ ಗೂಡಿನಲ್ಲಿ ಹೋಗಿ ಕುಳಿತಿರುತ್ತಿತ್ತು. ಲಕ್ಷ್ಮೇಶ್ವರದ ಹುಡುಗಿಯ ತಂದೆ ಒಂದೇ ದಿನ ಬಂದು ಹೋಗಿದ್ದನು. ಇವಳು ದಿನವೂ ಕಣ್ಣೆದುರಿಗೇ ಇದ್ದಳು.

ಮರುವರ್ಷ ಸುಶ್ಮಿತಾ ಮತ್ತೆ ಬಂದಳು. ಏನೂ ನಡೆಯದವಳಂತೆ ಸ್ಕೂಟಿಯ ಮೇಲೆ ಕುಳಿತೇ, "ಈ ಸಲ ಅಷ್ಟು ಓರೆ ಬ್ಯಾಡ ಆಯಿ, ದೊಡ್ಡಾಕಿ ಆಗ್ಯಾಳ" ಎಂದಳು. "ನನಗ ಕಣ್ಣು ಕಾಣಂಗಿಲ್ಲ ತಂಗೀ" ಎಂದು ಅನ್ನಪೂರ್ಣವ್ವ ಬಾಗಿಲು ಮುಂದಕ್ಕೆ ಎಳೆದುಕೊಂಡಳು. ಅಂದು ಅದು ನೆಪವಾಗಿತ್ತು. ವರ್ಷದೊಳಗೆ ನಿಜವೇ ಆಯಿತು. ಬಲಗಣ್ಣಿಗೆ ಪೊರೆ ಬಂದು, ಬಿಳಿ ಕಾಗದವೂ ಬಿಳಿ ಬೆಂಡೂ ಒಂದೇ ಆಗಿ ಕಾಣತೊಡಗಿದವು. ಆದರೂ ಚರ್ಚಿನವರ ಕೆಲಸವನ್ನು ಕೈಗುರುತಿನ ಮೇಲೆ ಹೇಗೋ ಮಾಡಿ ಮುಗಿಸುತ್ತಿದ್ದಳು.

ಮೊನ್ನೆಯ ನವೆಂಬರಿನಲ್ಲಿ ಫಕ್ರುಸಾಬ ಎಂದಿನಂತೆ ಕಾಗದದ ಸುರುಳಿ ತಂದು ಕಟ್ಟೆಯ ಮೇಲಿಟ್ಟು ಕುಳಿತನು. ಅನ್ನಪೂರ್ಣವ್ವ ಮಡಿಸಿದ ಹಾಳೆಗೆ ಕತ್ತರಿ ಹಾಕಿದಳು. ಕತ್ತರಿ ನಡುವೆಯೇ ನಿಂತಿತು. ತೆಗೆದು ಮತ್ತೆ ಹಾಕಿದಳು, ಮತ್ತೆ ನಿಂತಿತು.

"ಬಿಡಕ್ಕಾ, ನೀ ಯಾಕ ತ್ರಾಸು ತಗೋತಿ" ಎಂದನು ಫಕ್ರುಸಾಬ. ಒಳಗೆ ಎಂಟನೆಯ ಇಯತ್ತೆಯ ಪುಸ್ತಕ ಹಿಡಿದು ಕುಳಿತಿದ್ದ ಶಾಂಭವಿಯನ್ನು ಕೂಗಿದನು: "ಬಾರ್ವಾ ಶಾಂಭವೀ, ನಿಮ್ಮಾಯಿ ಕೈಯಾಗಿನ ಕತ್ತರಿ ತಗೋ. ಸಣ್ಣಾಕಿ ಇದ್ದಾಗ ಏನು ಚೆಂದ ಕತ್ತರಸ್ತಿದ್ದಿ! ನಾ ನೋಡೀನಲ್ಲ."

ಶಾಂಭವಿ ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಬಾಗಿಲಿಗೆ ಬಂದಳು. ದನಿಯಲ್ಲಿ ಕಟಕಿಯಿರಲಿಲ್ಲ.

"ನನಗ ಬರಂಗಿಲ್ಲ ಮಾಮಾ. ಸಾಲ್ಯಾಗ ಹಂಗಂತ ಬರದು ಕೊಟ್ಟೀನಿ."

ಫಕ್ರುಸಾಬ ಅರ್ಥವಾಗದೆ ಅಜ್ಜಿ ಮೊಮ್ಮಗಳು ಇಬ್ಬರನ್ನೂ ನೋಡಿದನು. ಅನ್ನಪೂರ್ಣವ್ವ ಕತ್ತರಿಯನ್ನು ಕಾಗದದಿಂದ ಬಿಡಿಸಿಕೊಂಡಳು. ಉಳಿದ ಸುರುಳಿಯನ್ನು ಬಿಚ್ಚದೆಯೇ ಆತನ ಕಡೆಗೆ ಸರಿಸಿ, "ಚರ್ಚಿನವ್ರಿಗೆ ಬ್ಯಾರೆ ಯಾರನ್ನರ ನೋಡಾಕ ಹೇಳ್ರಿ" ಎಂದಳು.